ವಿಂಡೋಸ್ 10 ಇರುವ ಕಂಪ್ಯೂಟರ್‌ನಲ್ಲೇ ವಿಂಡೋಸ್ 7 ಕೂಡ ಹಾಕಬಹುದೇ?

ಹಾಕಬಹುದು. ಮೊದಲು ಸಿ ಡ್ರೈವ್ ಕುಗ್ಗಿಸಿ 60 ಜಿಬಿಯಷ್ಟು ಖಾಲಿ ಜಾಗ ಮಾಡಿಕೊಳ್ಳಿ, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ಆಫ್ ಮಾಡಿ. 7ರ ಇನ್‌ಸ್ಟಾಲರ್‌ನಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ; ಕೀಬೋರ್ಡ್, ಮೌಸ್ ಸತ್ತಂತೆ ಕೂತರೆ ಕಾರಣ ಅದೇ.

7 ಹಾಕಿದ ಮೇಲೆ 10 ಬೂಟ್ ಆಗದಿದ್ದರೆ ಗಾಬರಿ ಬೇಡ. ಹೊಸ ಬೂಟ್ ಮ್ಯಾನೇಜರ್ (ವಿಂಡೋಸ್ ಅನ್ನು ಎಬ್ಬಿಸುವ ಪ್ರೋಗ್ರಾಂ) ಜಾಗದಲ್ಲಿ ಹಳೆಯದು ಬಂದಿರುತ್ತದೆ, ಅದಕ್ಕೆ 10 ಅನ್ನು ಎಬ್ಬಿಸಲು ಬರುವುದಿಲ್ಲ. 10ರ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘bcdboot C:\Windows’ ಕೊಡಿ. ಅಲ್ಲಿ ಡ್ರೈವ್ ಅಕ್ಷರ ಬದಲಾಗಿರಬಹುದು, ಮೊದಲು ನೋಡಿಕೊಳ್ಳಿ.

10ರ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲು ಇರುವ ಸೌಲಭ್ಯ) ಖಂಡಿತ ಆಫ್ ಮಾಡಿ. ಅದಿದ್ದರೆ ಶಟ್‌ಡೌನ್ ಆದರೂ ಡ್ರೈವ್ ಪೂರ್ತಿ ಮುಚ್ಚಿರುವುದಿಲ್ಲ. 7 ಅದನ್ನು ಮುಟ್ಟಿದರೆ ಫೈಲ್‌ಗಳು ಕೆಡಬಹುದು.

ಒಂದೇ ಒಂದು ಹಳೆಯ ಸಾಫ್ಟ್‌ವೇರ್‌ಗಾಗಿ ಇಷ್ಟೆಲ್ಲ ಬೇಡ, ವರ್ಚುವಲ್‌ಬಾಕ್ಸ್‌ನಲ್ಲಿ (10ರ ಒಳಗೇ ಇನ್ನೊಂದು ಕಂಪ್ಯೂಟರ್‌ನಂತೆ ನಡೆಯುವ ಸಾಫ್ಟ್‌ವೇರ್) 7 ಹಾಕಿದರೆ ಸಾಕು.