ಕೋವಿಗೆ ಹೊಲಿಗೆ ಯಂತ್ರದ ಎಣ್ಣೆ, ಇಂಜಿನ್ ಆಯಿಲ್ ಹಾಕಬಹುದಾ?

ನೀವು ಕೇಳಿರೋದು ಇಷ್ಟು: ಕೋವಿಗೆ ಅಂತಲೇ ಮಾರುವ ಎಣ್ಣೆ ಮುಗಿದಿದೆ, ಮನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಇದೆ, ಕಾರಿಗೆ ಹಾಕಿ ಉಳಿದ ಇಂಜಿನ್ ಆಯಿಲ್ ಇದೆ, ಒಂದು ಡಬ್ಲ್ಯೂಡಿ-40 ಡಬ್ಬಿ ಇದೆ, ಅಡುಗೆ ಎಣ್ಣೆಯಂತೂ ಇದ್ದೇ ಇದೆ, ಇದರಲ್ಲಿ ಯಾವುದು ನಡೆಯುತ್ತದೆ? ಮೊದಲ ಎರಡು ಧಾರಾಳವಾಗಿ ನಡೆಯುತ್ತವೆ. ಮೂರನೆಯದು ಬೇರೆ ಕೆಲಸಕ್ಕೆ ಸರಿ. ನಾಲ್ಕನೆಯದು ಮಾತ್ರ ಬೇಡವೇ ಬೇಡ.

ಇಷ್ಟು ಜೋರಾಗಿ ಬೇಡ ಅನ್ನೋದಕ್ಕೆ ಕಾರಣ ನಮ್ಮ ತಾತನ ಜೋಡುನಳಿಗೆ ಕೋವಿ. ಅವರು ಹೋದ ಮೇಲೆ ತುಕ್ಕು ಹಿಡಿಯಬಾರದು ಅಂತ ಮನೆಯವರು ಒಳ್ಳೆ ಮನಸ್ಸಿನಿಂದಲೇ ಅದಕ್ಕೆ ಅಡುಗೆ ಎಣ್ಣೆ ಸುರಿದು, ಬಟ್ಟೆ ಸುತ್ತಿ ಇಟ್ಟಿದ್ದರು. ಏಳೆಂಟು ವರ್ಷ ಬಿಟ್ಟು ನನ್ನ ಕೈಗೆ ಬಂದಾಗ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಎಳೆದು ಬಿಟ್ಟರೆ ಟಕ್ ಅಂತ ಬೀಳುತ್ತಿರಲಿಲ್ಲ. ಜೇನುತುಪ್ಪದೊಳಗೆ ಮುಳುಗುವ ಹಾಗೆ ನಿಧಾನಕ್ಕೆ ಇಳಿಯುತ್ತಿತ್ತು. ಪಕ್ಕದ ತಗಡು ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಮೇಲೆಲ್ಲ ಕಂದು ಬಣ್ಣದ ಪದರ, ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಬೀಜದಿಂದ ತೆಗೆದ ಎಣ್ಣೆಗಳಲ್ಲಿ ಹೆಚ್ಚಿನವು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೊದಲು ಅಂಟಾಗುತ್ತವೆ, ಆಮೇಲೆ ಗಟ್ಟಿಯಾಗುತ್ತವೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುತ್ತಿದ್ದದ್ದು ಇದೇ ಗುಣಕ್ಕೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗುವುದಿಲ್ಲ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಳಿ ಬೆಳಿಗ್ಗೆ ಕೋವಿಯ ಒಳಗೆ ಹೆಪ್ಪುಗಟ್ಟಿದ ಎಣ್ಣೆ ಯಾರಿಗೆ ಬೇಕು ಹೇಳಿ.

ಇನ್ನು ನಡೆಯುವ ಎಣ್ಣೆಗಳ ವಿಷಯ. ಎಣ್ಣೆ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಕೋವಿಗೆ ಬೇಕಾಗಿರೋದು ಮೂರು ಬೇರೆ ಬೇರೆ ಕೆಲಸ: ಮಸಿ ಬಿಡಿಸೋದು, ಜಾರಿಸೋದು, ತುಕ್ಕು ತಡೆಯೋದು. ಒಂದು ಕೆಲಸಕ್ಕೆ ಚೆನ್ನಾಗಿರೋದನ್ನು ಇನ್ನೊಂದಕ್ಕೂ ಹಾಕಿದಾಗಲೇ ಎಡವಟ್ಟಾಗುತ್ತದೆ.

ಡಬ್ಲ್ಯೂಡಿ-40 ಇದಕ್ಕೆ ಒಳ್ಳೆ ಉದಾಹರಣೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಓಡಿಸೋದಕ್ಕೆ. ಹೆಸರಿನ ಅರ್ಥವೂ ಅದೇ, ನೀರು ಓಡಿಸುವ ದ್ರವ, 40ನೇ ಪ್ರಯತ್ನ. ಅದರಲ್ಲಿ ಹೆಚ್ಚಿನ ಪಾಲು ಹಾರಿಹೋಗುವ ದ್ರಾವಕ. ಮಳೆಯಲ್ಲಿ ನೆನೆದ ಕೋವಿಗೆ ತಕ್ಷಣ ಹೊಡೆದರೆ ನೀರು ಬಿಡುತ್ತದೆ, ಹಗುರ ಮಸಿಯೂ ಸಡಿಲ ಆಗುತ್ತದೆ. ಆದರೆ ಕೊನೆಗೆ ಉಳಿಯೋದು ತೆಳ್ಳನೆಯ ಪೊರೆ ಅಷ್ಟೇ. ಅದನ್ನೇ ನಂಬಿ ವರ್ಷಗಟ್ಟಲೆ ಪದೇ ಪದೇ ಹೊಡೆಯುತ್ತಾ ಹೋದರೆ ಒಳಗೆ ಅಂಟು ಕೂರುತ್ತದೆ. ಹೊಡೆಯಿರಿ, ಒರೆಸಿ, ಮೇಲೆ ನಿಜವಾದ ಎಣ್ಣೆ ಹಾಕಿ.

ಹೊಲಿಗೆ ಯಂತ್ರದ ಎಣ್ಣೆ ಶುದ್ಧವಾದ, ತೆಳ್ಳಗಿನ ಖನಿಜ ಎಣ್ಣೆ. ಒಣಗಿ ಅಂಟಾಗೋದಿಲ್ಲ, ವಾಸನೆ ಇಲ್ಲ, ಕುದುರೆ, ಟ್ರಿಗರ್, ಸಣ್ಣ ಪಿನ್ನುಗಳಿಗೆ ನನಗಂತೂ ಇದೇ ಇಷ್ಟ. ತೆಳ್ಳಗಿರೋದರಿಂದ ಬೇಗ ಹರಿದುಹೋಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಇಂಜಿನ್ ಆಯಿಲ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಯೋಚನೆ ಮಾಡಿ, ಅದು ದಿನವಿಡೀ ಬಿಸಿ, ಮಸಿ, ಉಜ್ಜಾಟದ ನಡುವೆಯೇ ಇರಬೇಕಾದ ಎಣ್ಣೆ. ಸವಕಳಿ ತಡೆಯುವ ಸತುವಿನ ಸಂಯುಕ್ತ, ಮಸಿಯನ್ನು ಕೂರಲು ಬಿಡದೆ ತೇಲಿಸಿಡುವ ಪದಾರ್ಥ, ತುಕ್ಕು ತಡೆಯುವ ಪದಾರ್ಥ, ಎಲ್ಲವೂ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಆಟೋಮ್ಯಾಟಿಕ್ ಪಿಸ್ತೂಲು, ರೈಫಲಿನ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಇಂಥ ಜೋರಾಗಿ ಉಜ್ಜುವ ಜಾಗಗಳಿಗೆ 5ಡಬ್ಲ್ಯೂ-30 ಸಿಂಥೆಟಿಕ್ ತುಂಬಾ ಚೆನ್ನಾಗಿ ನಿಲ್ಲುತ್ತದೆ. ಡಬ್ಲ್ಯೂ ಅಂದರೆ ಚಳಿಗಾಲ, ಅದಕ್ಕಿಂತ ಮೊದಲು ಬರುವ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ. ಆದರೆ ಹೊಸ ಎಣ್ಣೆ ಮಾತ್ರ. ಗಾಡಿಯಿಂದ ಇಳಿಸಿದ ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ, ಆಮ್ಲ, ಕ್ಯಾನ್ಸರ್ ತರುವಂಥ ಪದಾರ್ಥಗಳೂ ಇರುತ್ತವೆ. ಅದನ್ನು ಕೋವಿಗೂ ಹಾಕಬೇಡಿ, ಕೈಗೂ ಹಚ್ಚಿಕೊಳ್ಳಬೇಡಿ.

ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆ ಗೊತ್ತಲ್ವಾ, ಅದಕ್ಕೂ ಕೋವಿಗೂ ಹಳೆ ನಂಟು ಇದೆ. ಅಮೆರಿಕದ ಸೇನೆಯ ಮದ್ದುಗುಂಡು ಕಾರ್ಖಾನೆ ಫ್ರಾಂಕ್‌ಫರ್ಡ್ ಆರ್ಸೆನಲ್‌ನಲ್ಲಿ ನಳಿಗೆ ತೊಳೆಯೋದಕ್ಕೆ ಒಂದು ಮಿಶ್ರಣ ಇತ್ತು: ಅಸಿಟೋನ್, ಟರ್ಪೆಂಟೈನ್, ಸೀಮೆಎಣ್ಣೆ, ತಿಮಿಂಗಿಲದ ಎಣ್ಣೆ, ನಾಲ್ಕೂ ಸಮಪಾಲು. ಆ ತಿಮಿಂಗಿಲದ ಎಣ್ಣೆಯನ್ನು ಗೇರಿನ ಎಣ್ಣೆಗೂ ಬೆರೆಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಅಲ್ಲಿ ನಿಷೇಧ ಬಂದ ಮೇಲೆ ಅದು ನಿಂತಿತು. ಎಡ್ ಹ್ಯಾರಿಸ್ ಅನ್ನುವವರು ಹಳೆ ಮಿಶ್ರಣದಲ್ಲಿ ತಿಮಿಂಗಿಲದ ಎಣ್ಣೆಯ ಜಾಗಕ್ಕೆ ಈ ಕೆಂಪು ಎಣ್ಣೆ ಹಾಕಿ ಹೊಸ ರೂಪ ಕೊಟ್ಟರು, ಅದಕ್ಕೇ ಅದರ ಹೆಸರು ಎಡ್ಸ್ ರೆಡ್. ಮಸಿ ಬಿಡಿಸೋದಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಅಸಿಟೋನ್ ಮರದ ಪಾಲಿಶನ್ನೂ ಕೆಲವು ಪ್ಲಾಸ್ಟಿಕನ್ನೂ ತಿನ್ನುತ್ತದೆ, ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹೊರಗೆ ಗಾಳಿಯಲ್ಲೇ ಕೂತು ಮಾಡಬೇಕು. ನಾನು ಅಸಿಟೋನ್ ಬಿಟ್ಟೇ ಬೆರೆಸುತ್ತೇನೆ, ಮಸಿ ಬಿಡೋದು ಸ್ವಲ್ಪ ನಿಧಾನ ಅಷ್ಟೇ. ಗುಂಡಿನ ಹೊದಿಕೆಯಿಂದ ನಳಿಗೆಗೆ ಮೆತ್ತಿದ ತಾಮ್ರ ಇದಕ್ಕೆ ಬಿಡೋದಿಲ್ಲ. ಬ್ರೇಕ್ ಕ್ಲೀನರ್ ಬಳಸೋದಾದರೆ ಅದು ಇದ್ದಬದ್ದ ಎಣ್ಣೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ ಅಂತ ನೆನಪಿಡಿ. ಬರಿ ಉಕ್ಕಿಗೆ ತುಕ್ಕು ಬರೋಕೆ ತೇವದ ದಿನ ಒಂದು ರಾತ್ರಿ ಸಾಕು. ಪೆಟ್ರೋಲಂತೂ ಮುಟ್ಟಲೇಬೇಡಿ.

ಎಣ್ಣೆಯಿಂದ ಆಗದ ಕೆಲಸವೂ ಒಂದಿದೆ. ಕರಿಮದ್ದಿನ ಕೋವಿ, ಇಲ್ಲವೇ ಹಳೆ ಕಾಲದ ಕ್ಲೋರೇಟ್ ಕೇಪಿನ (ಕೇಪು ಅಂದರೆ ಪಿನ್ನು ಬಡಿದಾಗ ಕಿಡಿ ಕೊಡುವ ಪುಟ್ಟ ಬಟ್ಟಲು) ತೋಟಾ ಹೊಡೆದಿದ್ದರೆ ನಳಿಗೆಯಲ್ಲಿ ಉಪ್ಪಿನಂಥದ್ದು ಉಳಿಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುತ್ತದಾ? ಇಲ್ಲ. ಅದಕ್ಕೆ ಸೋಪಿನ ಬಿಸಿನೀರೇ ಬೇಕು. ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು. ನಾನು ಬಿಚ್ಚಿ ನೋಡಿದ ಕೋವಿಗಳಲ್ಲಿ ಎಣ್ಣೆ ಕಡಿಮೆಯಾಗಿ ಕೆಟ್ಟದ್ದಕ್ಕಿಂತ ಜಾಸ್ತಿಯಾಗಿ ಕೆಟ್ಟದ್ದೇ ಹೆಚ್ಚು. ತಾತನ ಕೋವಿಯಲ್ಲಿ ಲಾಕಿನ, ಅಂದರೆ ಕುದುರೆ, ಸ್ಪ್ರಿಂಗು ಇರುವ ಭಾಗದ, ಅಂಟನ್ನು ಎರಡು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಆದರೆ ಲೋಹ ಮರಕ್ಕೆ ಕೂರುವ ಜಾಗದಲ್ಲಿ ಎಣ್ಣೆ ಇಳಿದೂ ಇಳಿದೂ ಹಿಡಿಯ ಮರ ಕಪ್ಪಾಗಿ, ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ಅದನ್ನು ಪೂರ್ತಿ ಸರಿಮಾಡೋಕೆ ಆಗಲಿಲ್ಲ. ಎಣ್ಣೆ ಹಾಕಿದ ಕೋವಿಯನ್ನು ಮೊದಲ ರಾತ್ರಿ ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ, ಹೆಚ್ಚಾದದ್ದು ಮರಕ್ಕೆ ಹೋಗದೆ ಹೊರಗೆ ಬರುತ್ತದೆ.

ಎಣ್ಣೆಯನ್ನು ಡಬ್ಬಿಯಿಂದ ಸುರಿಯಬೇಡಿ. ಸೂಜಿಯ ತುದಿಯನ್ನು ಅದ್ದಿ, ಪಿನ್ನಿಗೆ ಒಂದು ಹನಿ ಮುಟ್ಟಿಸಿ, ನಾಲ್ಕು ಸಲ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿ. ಮೇಲಿನ ಲೋಹಕ್ಕೆ ಎಣ್ಣೆ ಬಟ್ಟೆ ಸವರಿದರೆ ಸಾಕು, ಬೆರಳಿನ ಬೆವರಿನ ಗುರುತು ಉಳಿಯಬಾರದು, ಅಲ್ಲೇ ತುಕ್ಕು ಶುರುವಾಗೋದು. ಕೇಪಿಗೆ ಹೊಡೆಯುವ ಪಿನ್ನಿನ ತೂತಿಗೆ ಎಣ್ಣೆ ತುಂಬಬೇಡಿ, ಅದು ಮಸಿ ಹಿಡಿದು ದಪ್ಪವಾದರೆ ಪಿನ್ನು ಮೆಲ್ಲಗೆ ಬಡಿಯುತ್ತದೆ, ಈಡು ಹಾರೋದಿಲ್ಲ. ತೋಟಾಕ್ಕೆ ಎಣ್ಣೆ ಕೈ ತಾಗಿಸಬೇಡಿ, ಕೇಪು ಸತ್ತುಹೋಗಬಹುದು. ಹೊಡೆಯುವ ಮುಂಚೆ ನಳಿಗೆ ಮತ್ತು ತೋಟಾ ಕೂರುವ ಜಾಗ ಎರಡಕ್ಕೂ ಒಣ ಬಟ್ಟೆ ಹಾಯಿಸಲೇಬೇಕು. ಎಣ್ಣೆ ನಿಂತಿದ್ದರೆ ಮೊದಲ ಗುಂಡು ಬೇರೆಡೆ ಹೋಗುತ್ತದೆ, ಬೋಲ್ಟಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ. ಇದೆಲ್ಲ ಶುರು ಮಾಡುವ ಮುಂಚೆ ಕೋವಿ ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಸಿಯಲ್ಲಿ ಸೀಸ ಇರುತ್ತದೆ.

ಮರದ ಹಿಡಿಗೆ ಮಾತ್ರ ಅಗಸೆ ಎಣ್ಣೆ ಚೆನ್ನ, ಅಲ್ಲಿ ಒಣಗಿ ಗಟ್ಟಿಯಾಗೋದೇ ಬೇಕಾಗಿರೋದು. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಬಿಡುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ನಿಮ್ಮದು ಯಾವ ಕೋವಿ ಅಂತ ನೀವು ಬರೆದಿಲ್ಲ. ಏರ್ ಗನ್ ಆಗಿದ್ದರೆ ಮೇಲೆ ಹೇಳಿದ ಯಾವ ಎಣ್ಣೆಯನ್ನೂ ಗಾಳಿ ಒತ್ತುವ ಕೊಳವೆಯೊಳಗೆ ಹಾಕಬೇಡಿ. ಒತ್ತಿದ ಗಾಳಿ ಬಿಸಿಯಾಗಿ ಎಣ್ಣೆಯ ಆವಿ ಡೀಸೆಲ್ ಇಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ, ಸೀಲು, ಸ್ಪ್ರಿಂಗು ಹಾಳು. ಮೊದಲೇ ಗಾಳಿ ತುಂಬಿಡುವ 200 ಬಾರ್ ಒತ್ತಡದ ಸಿಲಿಂಡರಿನ ಬಂದೂಕಾದರೆ ಸಿಡಿಯುವ ಅಪಾಯವೂ ಇದೆ. ಅದರೊಳಗೆ ತಯಾರಕರು ಹೇಳಿದ ಸಿಲಿಕೋನ್ ಎಣ್ಣೆಯನ್ನಷ್ಟೇ ಬಳಸಿ.