ದೂರದ ಊರಿನ ಕುದುರೆ ಮರಿ
ಓದುಗರ ಪ್ರಶ್ನೆ, ಡಾಕ್ಟ್ರಮ್ಮನ ಉತ್ತರ

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕು. ಆರು ಎಕರೆ ಹೊಲ ಇದೆ, ಮೆಕ್ಕೆಜೋಳ, ಶೇಂಗಾ ಹಾಕ್ತೀವಿ. ಮನೇಲಿ ಎರಡು ಎತ್ತು, ಒಂದು ಎಮ್ಮೆ. ಮಗ ದ್ವಿತೀಯ ಪಿಯುಸಿ ಓದ್ತಿದ್ದಾನೆ, ಅವನಿಗೆ ಕುದುರೆ ಹುಚ್ಚು. ಜೋಧಪುರದ ಹತ್ತಿರ ಕುದುರೆ ಸಾಕುವವರೊಬ್ಬರ ವಿಡಿಯೋ ನೋಡಿ 14 ತಿಂಗಳ ಮಾರ್ವಾಡಿ ತಳಿಯ ಹೆಣ್ಣು ಮರಿ ಮೆಚ್ಚಿಕೊಂಡಿದ್ದಾನೆ. ಅವರು 1 ಲಕ್ಷದ 80 ಸಾವಿರ ಹೇಳ್ತಿದ್ದಾರೆ. ಅರ್ಧ ದುಡ್ಡು ಈಗಲೇ ಫೋನಲ್ಲಿ ಹಾಕಿದರೆ ಲಾರಿಗೆ ಹತ್ತಿಸಿ ಕಳಿಸ್ತಾರಂತೆ. ಆರು ತಿಂಗಳಾದರೆ ಹತ್ತಿ ಓಡಿಸಬಹುದು ಅಂತಾರೆ. ಇನ್ನೊಬ್ಬರು ಕೇಳ್ತಿದ್ದಾರೆ, ಈ ವಾರದೊಳಗೆ ಹೇಳಿ ಅಂತ ಅವಸರ ಮಾಡ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ನಿಮ್ಮ ಮಗನ ಆಸೆ ನನಗೆ ಖುಷಿ ಕೊಟ್ಟಿತು. ಆದರೆ ಈ ವಾರ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇನ್ನೊಬ್ಬರು ಕೊಂಡುಹೋದರೆ ಹೋಗಲಿ. ಆ ಕಡೆ ಮರಿಗಳಿಗೆ ಬರವಿಲ್ಲ.

ಎತ್ತು ಕೊಳ್ಳುವಾಗ ನೀವು ಏನು ಮಾಡ್ತೀರಿ? ಬಾಯಿ ಬಿಡಿಸಿ ಹಲ್ಲು ನೋಡ್ತೀರಿ, ನಡೆಸಿ ನೋಡ್ತೀರಿ, ಬೆನ್ನ ಮೇಲೆ ಕೈ ಆಡಿಸ್ತೀರಿ. ಅದೂ ಪಕ್ಕದ ಊರಿನ ಎತ್ತಿಗೆ! ಹಾಗಿರುವಾಗ 1,600 ಕಿಲೋಮೀಟರಿಗೂ ದೂರದ ಕುದುರೆ ಮರಿಯನ್ನು ಫೋನ್ ನೋಡಿ ಕೊಳ್ಳುವುದು ಸರಿಯಲ್ಲ. ವಿಡಿಯೋದಲ್ಲಿ ಕುದುರೆಯನ್ನು ಮರಳಿನ ಮೇಲೆ ಓಡಿಸಿರುತ್ತಾರೆ. ಮೆತ್ತನೆ ನೆಲದಲ್ಲಿ ಸಣ್ಣ ಕುಂಟು ಕಾಣುವುದಿಲ್ಲ. ಮೇಲೆ ಹಾಡು ಹಾಕಿರುತ್ತಾರೆ, ಉಸಿರಾಟದ ಸದ್ದು ಕೇಳುವುದಿಲ್ಲ. ನೋಡುವವರ ಕಣ್ಣೆಲ್ಲ ಆ ಕಿವಿಗಳ ಮೇಲೆ. ಮಾರ್ವಾಡಿ ಕುದುರೆಯ ಕಿವಿ ಒಳಕ್ಕೆ ಬಾಗಿ ತುದಿಗಳು ಒಂದಕ್ಕೊಂದು ಮುಟ್ಟುತ್ತವೆ, ನಿಜಕ್ಕೂ ಚೆಂದ. ಆದರೆ ನಾಳೆ ಮಗನನ್ನು ಹೊರುವುದು ಕಾಲು.

ಹಾಗಾಗಿ ಮೊದಲು ಹೋಗಿ ನೋಡಿ. ಮಗನನ್ನೂ ಕರೆದುಕೊಂಡು ಹೋಗಿ. ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ಎಕ್ಸ್‌ಪ್ರೆಸ್ ಹುಬ್ಬಳ್ಳಿ ಮೇಲೇ ಹೋಗುತ್ತದೆ. ರೈಲಿನ ಖರ್ಚು ದಂಡ ಅಂತ ಲೆಕ್ಕ ಹಾಕಬೇಡಿ. ಅಲ್ಲಿ ಒಂದು ಸಂಜೆ ನೋಡಿ, ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹೋಗಿ. ಅವರು ಮರಿಯನ್ನು ತೊಳೆದು, ತೀಡಿ, ನಾಲ್ಕು ಸುತ್ತು ಓಡಿಸಿ ತಯಾರು ಮಾಡುವ ಮೊದಲೇ ನೀವು ಲಾಯದ ಮುಂದೆ ನಿಂತಿರಬೇಕು. ರಾತ್ರಿಯೆಲ್ಲ ನಿಂತ ಕುದುರೆಯ ಕಾಲಿನ ಬಿಗಿತ ನಾಲ್ಕು ಸುತ್ತು ಓಡಿದರೆ ಸಡಿಲವಾಗಿಬಿಡುತ್ತದೆ. ಆಮೇಲೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಸುಮ್ನೆ ನಿಂತಿರುವಾಗಲೇ ಮೊದಲು ನೋಡಿ. ಒಂದು ಹಿಂಗಾಲನ್ನು ಸಡಿಲ ಬಿಟ್ಟು ನಿಂತರೆ ಚಿಂತೆ ಇಲ್ಲ, ಎಲ್ಲ ಕುದುರೆಗಳೂ ಹಾಗೆ ನಿಲ್ಲುತ್ತವೆ. ಮುಂಗಾಲನ್ನು ಮುಂದಕ್ಕೆ ಚಾಚಿ ಭಾರ ತಪ್ಪಿಸುತ್ತಿದ್ದರೆ ಅಲ್ಲಿ ನೋವಿದೆ. ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಓಡಿಸಿ ಅಂತ ಹೇಳಿ. ಓಡುವಾಗ ಕಾಲು ನೋಡಬೇಡಿ, ತಲೆ ನೋಡಿ. ನೋಯುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆಯನ್ನು ಮೇಲಕ್ಕೆ ಎತ್ತುತ್ತದೆ. ಹಗ್ಗ ಬಿಗಿಯಾಗಿ ಹಿಡಿದು ಓಡಿಸಿದರೆ ತಲೆ ಆಡುವುದಿಲ್ಲ, ಕುಂಟು ಮುಚ್ಚಿಹೋಗುತ್ತದೆ. ಅದಕ್ಕೇ ಹಗ್ಗ ಸಡಿಲ ಇರಲಿ ಅಂದದ್ದು.

ಹಲ್ಲು ನೋಡಲು ತುಟಿ ಎತ್ತಿದರೆ ಸಾಕು. 14 ತಿಂಗಳು ನಿಜವಾದರೆ ಮುಂದಿನ ಆರೂ ಹಲ್ಲು ಹಾಲುಹಲ್ಲೇ ಇರುತ್ತವೆ. ಚಿಕ್ಕವು, ಬಿಳುಪು ಜಾಸ್ತಿ, ಬುಡದ ಹತ್ತಿರ ಸಣ್ಣಗೆ. ನಡುವಿನ ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಎರಡೂವರೆ ವರ್ಷಕ್ಕೆ. ಪಕ್ಕದವು ಮೂರೂವರೆಗೆ, ತುದಿಯವು ನಾಲ್ಕೂವರೆಗೆ. ಈ ಲೆಕ್ಕ ಮಗನಿಗೆ ಬಾಯಿಪಾಠ ಮಾಡಿಸಿ, ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ತುಟಿ ಎತ್ತಿದ ಕೈಯಲ್ಲೇ ದವಡೆಯ ಕೆಳಗೆ ಎರಡು ಮೂಳೆಗಳ ನಡುವೆ ಬೆರಳಾಡಿಸಿ. ಅಲ್ಲಿ ಗಂಟು ಸಿಕ್ಕರೆ, ಮೂಗಿನಲ್ಲಿ ಗಟ್ಟಿ ಸಿಂಬಳ ಇದ್ದರೆ, ಮಾತು ಅಲ್ಲಿಗೇ ನಿಲ್ಲಿಸಿ. ತಾಯಿ ಕುದುರೆಯನ್ನೂ ತೋರಿಸಿ ಅಂತ ಕೇಳಿ. ಮರಿ ಮುಂದೆ ಹೇಗೆ ಬೆಳೆಯುತ್ತದೆ, ಸ್ವಭಾವ ಎಂಥದು ಅನ್ನುವುದು ತಾಯಿಯಲ್ಲಿ ಅರ್ಧ ಗೊತ್ತಾಗುತ್ತದೆ. ತಾಯಿಯನ್ನು ತೋರಿಸಲು ಹಿಂದೆಮುಂದೆ ನೋಡಿದರೆ ಆ ಮರಿ ಅವರ ಮನೆಯಲ್ಲಿ ಹುಟ್ಟಿದ್ದೇ ಅಲ್ಲ, ಎಲ್ಲಿಂದಲೋ ತಂದು ಮಾರುತ್ತಿದ್ದಾರೆ ಅಂತ ಅನುಮಾನ ಪಡಿ. ತಳಿ ಸಂಘದಲ್ಲಿ ನೋಂದಣಿ ಆಗಿದೆ ಅಂದರೆ ಕುದುರೆಯ ಗುರುತಿನ ಪಾಸ್‌ಪೋರ್ಟ್ ಪುಸ್ತಕ ಕೇಳಿ. ಕುದುರೆಯ ಕತ್ತಿನಲ್ಲಿರುವ ಮೈಕ್ರೋಚಿಪ್ ನಂಬರೂ ಪುಸ್ತಕದ ನಂಬರೂ ಒಂದೇ ಇರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗ್ಲ್ಯಾಂಡರ್ಸ್ ಅನ್ನುವ ರೋಗದ ರಕ್ತ ಪರೀಕ್ಷೆ ಆಗದೆ ಯಾವ ಕುದುರೆಯೂ ನಿಮ್ಮ ಕೊಟ್ಟಿಗೆಗೆ ಬರಕೂಡದು. ಇದು ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ರೋಗ. ಮೂಗಿನಿಂದ ಹಳದಿ ಅಂಟು ಸಿಂಬಳ ಸುರಿಯುತ್ತದೆ, ಕಾಲಿನ ಮೇಲೆ ಸಾಲಾಗಿ ಗಂಟೆದ್ದು ಒಡೆದು ಹುಣ್ಣಾಗುತ್ತದೆ. ಕೆಲವು ಕುದುರೆಗಳು ಹೊರಗೆ ಏನೂ ತೋರಿಸದೆ ತಿಂಗಳುಗಟ್ಟಲೆ ರೋಗ ಹೊತ್ತು ತಿರುಗುತ್ತವೆ. ಇದು ಮನುಷ್ಯರಿಗೂ ಅಂಟುತ್ತದೆ, ಪ್ರಾಣಕ್ಕೇ ಬರಬಹುದು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕಾನೂನಿನಲ್ಲಿ ಇದೂ ಸೇರಿದೆ. ರೋಗ ಖಚಿತವಾದರೆ ಚಿಕಿತ್ಸೆ ಇಲ್ಲ, ಕುದುರೆಯನ್ನು ಸಾಯಿಸಲೇಬೇಕು. ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ನೀವು ಕೊಟ್ಟ ಬೆಲೆಗೆ ಅದು ಸಮ ಆಗುವುದಿಲ್ಲ. ಮಗನ ಸಂಕಟಕ್ಕಂತೂ ಪರಿಹಾರವೇ ಇಲ್ಲ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೇ ಅಂತ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರದಲ್ಲಿ ಈ ರೋಗವನ್ನು ಖಚಿತಪಡಿಸುತ್ತಾರೆ. ಮರಿ ಇರುವ ಊರಿನ ಸರ್ಕಾರಿ ಪಶುವೈದ್ಯರ ಕೈಯಲ್ಲಿ ರಕ್ತ ತೆಗೆಸಿ, ನಿಮ್ಮ ಎದುರಿಗೇ. ವರದಿ ಬಂದ ಮೇಲೆ ಬಾಕಿ ದುಡ್ಡು. ಹಿಡಿದಿಡಲು ಸ್ವಲ್ಪ ಅಡ್ವಾನ್ಸ್ ಕೇಳಿದರೆ ಕೊಡಿ, ಆದರೆ ವರದಿ ಸರಿ ಇಲ್ಲದಿದ್ದರೆ ವಾಪಸ್ ಕೊಡಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಸಾಕಣೆದಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸರ್ರಾ ರೋಗಕ್ಕೂ ಅದೇ ರಕ್ತದಲ್ಲಿ ಪರೀಕ್ಷೆ ಮಾಡಿಸಿ. ಅದು ಕುದುರೆ ನೊಣದಿಂದ ಹರಡುವ ರೋಗ, ನಿಮ್ಮ ಎಮ್ಮೆಗೂ ಬರಬಹುದು.

ಲಾರಿ ವಿಷಯ. ನಾನು ಕೆಲಸದಲ್ಲಿದ್ದಾಗ ದಾವಣಗೆರೆ ಬೈಪಾಸ್ ಹತ್ತಿರ ಲಾರಿ ನಿಲ್ಲಿಸಿ ನನ್ನನ್ನು ಕರೆಸಿದ್ದರು. ಒಳಗೆ ಎರಡು ವರ್ಷದ ಗಂಡು ಮರಿ. ಗುಜರಾತಿನಿಂದ ಬಂದಿತ್ತು. ಬೀಳದೆ ಇರಲಿ ಅಂತ ತಲೆಯನ್ನು ಮೇಲಿನ ಕಂಬಿಗೆ ಗಿಡ್ಡ ಹಗ್ಗದಲ್ಲಿ ಬಿಗಿದಿದ್ದರು. ಮೂಗಿನ ಹೊಳ್ಳೆ ಅಗಲವಾಗಿ ಬಿರಿದಿತ್ತು, ಪಕ್ಕೆ ಏರಿಳಿಯುತ್ತಿತ್ತು. ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಂತಿತ್ತು, ಎದೆ ನೋಯುವ ಕುದುರೆ ಹಾಗೆ ನಿಲ್ಲುತ್ತದೆ. ಕಿವಿ ಬುಡ ಸುಡುತ್ತಿತ್ತು. ಕುದುರೆ ಮೇಯುವಾಗ ತಲೆ ಕೆಳಗಿರುತ್ತದೆ, ಆಗ ಶ್ವಾಸನಾಳದ ಕಫ, ಧೂಳು ತಾನಾಗಿ ಹೊರಬರುತ್ತದೆ. ತಲೆಯನ್ನು ದಿನಗಟ್ಟಲೆ ಮೇಲೆ ಕಟ್ಟಿದರೆ ಅದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಮರಿ ಉಳಿಯಿತು, ಆದರೆ ಎದೆಯ ನೀರು ತೆಗೆದು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು, ನಾವೆಲ್ಲ ಹೆಣಗಾಡಿದ ಮೇಲೆ. ನಿಮ್ಮ ಮರಿ ಬರುವುದಾದರೆ ಹಗ್ಗ ಉದ್ದ ಇರಲಿ. ನಾಲ್ಕೈದು ಗಂಟೆಗೊಮ್ಮೆ ಲಾರಿ ನಿಲ್ಲಲಿ, ಮರಿ ತಲೆ ಪೂರ್ತಿ ಕೆಳಗಿಟ್ಟು ನೀರು ಕುಡಿಯಲಿ, ಒಣ ಮೇವನ್ನು ನೆಲದ ಮೇಲೇ ಹಾಕಲಿ. ರಾತ್ರಿ ಒಂದು ಕಡೆ ಇಳಿಸಿ ವಿಶ್ರಾಂತಿ ಕೊಡಿಸಿ. ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಸರ್ಟಿಫಿಕೇಟ್ ಜೊತೆಗಿರಲೇಬೇಕು. ನಿಮ್ಮ ಕಡೆಯ ಒಬ್ಬರು ಲಾರಿಯಲ್ಲೇ ಬಂದರೆ ಒಳ್ಳೆಯದು. ಅಹಮದಾಬಾದಿನಿಂದ ದಾವಣಗೆರೆವರೆಗೂ 48ನೇ ನಂಬರಿನ ಹೆದ್ದಾರಿಯೇ. ಡ್ರೈವರು ನಿಲ್ಲಿಸದೆ ಬಂದುಬಿಡೋಣ ಅನ್ನುತ್ತಾರೆ, ಅದಕ್ಕೆ ಒಪ್ಪಬೇಡಿ.

ಮನೆಗೆ ಬಂದ ಮೇಲೆ ಮೂರು ವಾರ ಬೇರೆ ಕಟ್ಟಿ. ಧನುರ್ವಾಯು ಲಸಿಕೆ ಹಾಕಿಸಿ. ಗೊರಸಿಗೆ ಒಂದು ಮೊಳೆ ಚುಚ್ಚಿದರೆ ಸಾಕು, ಕುದುರೆಗೆ ಬಂದಷ್ಟು ಬೇಗ ಆ ರೋಗ ಬೇರೆ ಪ್ರಾಣಿಗೆ ಬರುವುದಿಲ್ಲ.

ನೀವು ಮೆಕ್ಕೆಜೋಳ ಬೆಳೆಯುವವರು, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಮಳೆಗೆ ನೆಂದು ಬೂಸ್ಟು ಹಿಡಿದ ತೆನೆಯನ್ನು ದನಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಕುದುರೆಗೆ ಅದನ್ನು ಹಾಕಿದರೆ ಬೂಸ್ಟಿನ ವಿಷಕ್ಕೆ ಮಿದುಳೇ ಕರಗುತ್ತದೆ. ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕುರುಡಾಗುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. ಔಷಧಿ ಇಲ್ಲ. ದನದ ಹಿಂಡಿ, ಕೋಳಿ ಫೀಡ್ ಎರಡನ್ನೂ ಕುದುರೆ ಬಾಯಿಗೆ ಸಿಗದ ಹಾಗೆ ಇಡಿ. ಕೆಲವು ಫೀಡುಗಳಲ್ಲಿ ಮೊನೆನ್ಸಿನ್ ಬೆರೆಸಿರುತ್ತಾರೆ. ಕೋಳಿಗೆ ಒಳ್ಳೆಯದಾದ ಆ ಔಷಧಿ ಕುದುರೆಯ ಹೃದಯ ನಿಲ್ಲಿಸುತ್ತದೆ. ಹುಲ್ಲು ಮುಖ್ಯ, ಕಾಳು ಆಮೇಲೆ. ಚೆನ್ನಾಗಿ ಒಣಗಿದ ಹುಲ್ಲು, ರಾಗಿ ಹುಲ್ಲು, ಬೂಸ್ಟಿಲ್ಲದ ಶೇಂಗಾ ಹೊಟ್ಟು, ಸ್ವಲ್ಪ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಬೇಯಿಸಿದ ಹುರುಳಿ ಒಂದು ಹಿಡಿಯಿಂದ ಶುರು ಮಾಡಿ. ಮೇವು ಬದಲಾಯಿಸುವುದಿದ್ದರೆ ಹತ್ತು ದಿನ ಹಿಡಿಯಲಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ ಒದ್ದಾಡಿ ಸಾಯುತ್ತದೆ.

ಆರು ತಿಂಗಳಿಗೆ ಹತ್ತಬಹುದು ಅಂದರಲ್ಲ, ಆ ಮಾತಿಗೆ ನನಗೆ ಸಿಟ್ಟು ಬಂತು. ಆಗ ಮರಿಗೆ ಎರಡು ವರ್ಷವೂ ತುಂಬಿರುವುದಿಲ್ಲ. ಮೊಣಕಾಲಿನ ಮೇಲಿನ ಮೂಳೆ ಬೆಳೆದು ಕೂಡಿಕೊಳ್ಳಲು ಎರಡೂವರೆ ವರ್ಷದವರೆಗೂ ಬೇಕು, ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ. ಮೂರು ತುಂಬಿದ ಮೇಲೆ ಜೀನು ಹಾಕಿ ಅಭ್ಯಾಸ ಮಾಡಿಸಿ, ನಾಲ್ಕರ ಮೇಲೆ ಸವಾರಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಇರುವುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮನೆಗೆ ಇದು ಮೊದಲ ಕುದುರೆ. ಮೊದಲ ಕುದುರೆ ಎಳೆ ಮರಿ ಆಗುವುದು ಬೇಡ. ಕಲಿಯದ ಹುಡುಗ, ಕಲಿಯದ ಕುದುರೆ, ಇಬ್ಬರಿಗೂ ಹೇಳಿಕೊಡುವವರಿಲ್ಲ. ಮಗ ಮುಂದಿನ ವರ್ಷ ಓದಲು ಬೆಂಗಳೂರಿಗೋ ಮೈಸೂರಿಗೋ ಹೋದರೆ ಒದೆಯುವ ಎರಡು ವರ್ಷದ ಕುದುರೆಯನ್ನು ನೋಡಿಕೊಳ್ಳುವವರು ನೀವು ಮತ್ತು ಅವರಮ್ಮ, ಅಲ್ವಾ? ಚೆನ್ನಾಗಿ ನೋಡಿಕೊಂಡರೆ ಅದು 25 ವರ್ಷ ಬದುಕುವ ಜೀವ. ಜೊತೆಗೆ ಕುದುರೆ ಒಂಟಿ ಇರಲಾರದು, ಗುಂಪಿನ ಪ್ರಾಣಿ. ಕನಿಷ್ಠ ಒಂದು ಮೇಕೆಯಾದರೂ ಜೊತೆಗಿರಬೇಕು. ಏಳೆಂಟು ವರ್ಷದ, ಬೀಜ ತೆಗೆಸಿದ, ಸವಾರಿಗೆ ಪಳಗಿದ ಸಾಧು ಕುದುರೆಯನ್ನು ಹತ್ತಿರದಲ್ಲೇ ಹುಡುಕಿ. ಅದಕ್ಕೂ ಮೊದಲು ಮಗನನ್ನು ದತ್ತ ಜಯಂತಿ ಹೊತ್ತಿಗೆ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಗೆ ಕರೆದುಕೊಂಡು ಹೋಗಿ. ತಾಪಿ ನದಿ ದಂಡೆಯಲ್ಲಿ ಕುದುರೆಗಳ ದೊಡ್ಡ ಸಂತೆ ಅದು. ದುಡ್ಡು ಮನೆಯಲ್ಲೇ ಇರಲಿ, ಬರೀ ನೋಡಿ ಬನ್ನಿ. ಒಂದೇ ಕಡೆ ಅಷ್ಟು ಕುದುರೆ ನೋಡಿದರೆ ಅವನ ಕಣ್ಣು ಪಳಗುತ್ತದೆ.

ಪ್ರಶ್ನೆ: ಹೊಳಲ್ಕೆರೆಯಿಂದ ಬರೀತಿದ್ದೀನಿ. ಒಂದು ಕುದುರೆ ಮರಿ ಮಾತಾಗಿದೆ. ಆದರೆ ಅದಕ್ಕೆ ಕತ್ತಿನ ಕೆಳಗೆ ಸುಳಿ ಇದೆ, ಮನೆಗೆ ಆಗಿಬರಲ್ಲ ಅಂತ ನಮ್ಮ ದೊಡ್ಡಪ್ಪ ಹಟ ಹಿಡಿದಿದ್ದಾರೆ. ಏನು ಮಾಡೋದು?

ಉತ್ತರ: ಸುಳಿಯಿಂದ ಕುದುರೆಯ ಆರೋಗ್ಯಕ್ಕೂ ನಡೆಗೂ ಏನೂ ಆಗುವುದಿಲ್ಲ. ಪಾಸ್‌ಪೋರ್ಟ್ ಪುಸ್ತಕದ ಚಿತ್ರದಲ್ಲಿ ಸುಳಿಗಳನ್ನು ಗುರುತು ಹಾಕುತ್ತಾರೆ, ಕುದುರೆ ಇದೇ ಅಂತ ಗೊತ್ತುಮಾಡಲು. ಆದರೆ ಸಂತೆಯಲ್ಲಿ ಸುಳಿ ನೋಡಿ ಬೆಲೆ ಕಟ್ಟುವವರು ಎಲ್ಲ ಕಡೆ ಇದ್ದಾರೆ, ರಾಜಸ್ಥಾನದವರಂತೂ ಜಾಸ್ತಿ. ನಾಳೆ ಮಾರುವ ಯೋಚನೆ ಇದ್ದರೆ ಬೆಲೆ ಇಳಿಯುತ್ತದೆ, ಕೊಳ್ಳುವಾಗ ನೀವೂ ಇಳಿಸಿ ಕೇಳಿ. ದೊಡ್ಡಪ್ಪನವರು ದಿನಾ ಕುದುರೆ ಮುಂದೆ ಓಡಾಡುವವರಾದರೆ ಅವರನ್ನು ಒಪ್ಪಿಸಿಯೇ ತನ್ನಿ. ಮನೆಯ ಹಿರಿಯರು ಮುಖ ತಿರುಗಿಸುವ ಕುದುರೆಗೆ ಹೊತ್ತಿಗೆ ಸರಿಯಾಗಿ ನೀರು ಸಿಗುವುದಿಲ್ಲ, ನಾನು ನೋಡಿದ್ದೇನೆ.

ಪ್ರಶ್ನೆ: ಚಿತ್ರದುರ್ಗದ ಹತ್ತಿರದ ಹಳ್ಳಿ ನಮ್ಮದು. ಹೊರಗಿನಿಂದ ಕುದುರೆ ಮರಿ ತಂದು ಎಂಟು ದಿನ ಆಯ್ತು. ಮೂಗಲ್ಲಿ ಸಿಂಬಳ, ದವಡೆ ಕೆಳಗೆ ನಿಂಬೆಹಣ್ಣಿನಷ್ಟು ಗಂಟು, ಮೇವು ನುಂಗ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿಲ್ಲ. ಇದೇನು?

ಉತ್ತರ: ನಿಮಗೆ ಪತ್ರಿಕೆ ಬರುವ ತನಕ ಕಾಯಬಾರದು ಅಂತ ಆಗಲೇ ಫೋನ್ ಮಾಡಿ ತಿಳಿಸಿದ್ದೇನೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಎಳೆ ಕುದುರೆಗಳಿಗೆ ಪ್ರಯಾಣದ ನಂತರ ಬರುವ ಸ್ಟ್ರ್ಯಾಂಗಲ್ಸ್ ಅನ್ನುವ ಗಂಟಲು ಬಾವು ಇರಬಹುದು. ಅದಾದರೆ ಗಂಟು ಹಣ್ಣಾಗಿ ಒಡೆದು ಕೀವು ಹೋದ ಮೇಲೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಬಹುದು, ಮೆತ್ತನೆ ಮೇವು ಹಾಕಬಹುದು. ಆದರೆ ಗ್ಲ್ಯಾಂಡರ್ಸ್ ಅಲ್ಲ ಅಂತ ಖಚಿತ ಆಗುವ ತನಕ ಮುಟ್ಟುವವರು ಕೈಗವಸು, ಮುಖಕ್ಕೆ ಮಾಸ್ಕ್ ಹಾಕಲೇಬೇಕು. ಗಂಟನ್ನು ನೀವೇ ಕೊಯ್ಯಬೇಡಿ. ಮೆಡಿಕಲ್ ಶಾಪಿನಿಂದ ಇಂಜೆಕ್ಷನ್ ತಂದು ಚುಚ್ಚಬೇಡಿ. ಸರ್ಕಾರಿ ಪಶು ಆಸ್ಪತ್ರೆಗೆ ಇವತ್ತೇ ತಿಳಿಸಿ, ಅವರೇ ಬಂದು ರಕ್ತ ತೆಗೆಯುತ್ತಾರೆ. ಅದರ ಬಕೆಟ್, ಹಗ್ಗ, ಬ್ರಷ್ ಬೇರೆ ಇರಲಿ. ನೋಡಿಕೊಳ್ಳುವವರು ಒಬ್ಬರೇ ಇರಲಿ, ಚಿಕ್ಕ ಮಕ್ಕಳು ಹತ್ತಿರ ಹೋಗದಿರಲಿ. ವರದಿ ಬರುವ ತನಕ ಮರಿಯನ್ನು ಊರ ಮೆರವಣಿಗೆಗೆ, ಜಾತ್ರೆಗೆ ಕರೆದುಕೊಂಡು ಹೋಗಬೇಡಿ. ಮಾರಿದವರಿಗೂ ಫೋನ್ ಮಾಡಿ ತಿಳಿಸಿ, ಅವರ ಲಾಯದಲ್ಲಿ ಇನ್ನೂ ಕುದುರೆಗಳಿವೆ.