ಸಂಘ ಬೇರೆ ಬೇರೆ ಇರಲಿ, ಗೋಮಾಳದ ಕೆಲಸ ಕೂಡಿ ಮಾಡಿ

(ಹಾನಗಲ್ ತಾಲ್ಲೂಕಿನ ಓದುಗರೊಬ್ಬರ ಪತ್ರ: 'ನಮ್ಮೂರಿನ ಗೋಮಾಳ ಒತ್ತುವರಿ ಆಗುತ್ತಿದೆ. ಉಳಿಸಿಕೊಳ್ಳಲು ಸಣ್ಣ ಸಂಘ ಮಾಡಿದ್ದೇವೆ. ಪಕ್ಕದ ಎರಡು ಊರಿನವರು ಕೂಡಿ ಮಾಡೋಣ ಅಂತಾರೆ. ಸೇರಿದರೆ ನಮ್ಮ ಮಾತು ನಡೆಯುತ್ತಾ? ಸುಮ್ನೆ ನಮ್ಮ ಪಾಡಿಗೆ ನಾವಿದ್ದರೆ ಆಗಲ್ವಾ?')

ಆಗಲ್ಲ. ಯಾಕೆ ಅಂತ ನಿಮ್ಮದೇ ತಾಲ್ಲೂಕಿನ ಕುಸನೂರಿನ ಹಿರಿಯರನ್ನು ಕೇಳಿ ನೋಡಿ. 1984ರಲ್ಲಿ ಸರ್ಕಾರ ಮತ್ತು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ವರ್ಗ ಎಂಬ ಸರ್ಕಾರಿ ಪಾಳು ಜಮೀನು ಅದಕ್ಕೆ ಅಂತಾಯ್ತು. ಊರಿನವರು ದನ ಮೇಯಿಸುವ, ಸೌದೆ ಆರಿಸುವ ಜಾಗವೇ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ'. ಅಷ್ಟಕ್ಕೇ ಬಿಟ್ಟಿದ್ದರೆ ಪೊಲೀಸ್ ಕೇಸಿನಲ್ಲೇ ಮುಗಿದುಹೋಗುತ್ತಿತ್ತು ಅಂತ ನನ್ನ ಅಂದಾಜು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಬೆನ್ನಿಗಿತ್ತು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಜೊತೆಯಾಗಿದ್ದರು. ಕಂಪನಿ 1991ರಲ್ಲಿ ಬಾಗಿಲು ಹಾಕಿತು.

ಗದಗಿನ ಕಪ್ಪತಗುಡ್ಡವೂ ಹಾಗೇ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, ಮರುವರ್ಷ ಸರ್ಕಾರವೇ ಆ ಘೋಷಣೆ ಹಿಂದೆ ತಗೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ, ರೈತರು, ಹೋರಾಟಗಾರರು ಒಟ್ಟಿಗೆ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಬಂತು. 2019ರಲ್ಲಿ ವನ್ಯಜೀವಿಧಾಮವೇ ಆಯ್ತು.

ಇನ್ನು ನಿಮ್ಮ ಗೋಮಾಳ. ಭೂ ಕಂದಾಯ ನಿಯಮದಲ್ಲಿ 100 ದನಕ್ಕೆ 12 ಹೆಕ್ಟೇರ್ ಎಂಬ ಲೆಕ್ಕವಿದೆ. ದನ ಕಡಿಮೆ ಅಂತ ಕಾಗದದಲ್ಲಿ ಬಂತೋ, ಮಿಕ್ಕ ಜಾಗ ಹೆಚ್ಚುವರಿ ಅನಿಸಿಕೊಳ್ಳುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾಗಿವೆ, ಅಲ್ವಾ? ಅದಕ್ಕೇ ಮೊದಲು ಮೂರೂ ಊರಿನ ದನ ನೀವೇ ಎಣಿಸಿ ಬರೆದಿಡಿ. ಪಹಣಿ, ಸರ್ವೆ ನಕ್ಷೆ ತೆಗೆಸಿ. ಮೂರು ನಕ್ಷೆಗಳನ್ನು ಗುಡಿಯ ಕಟ್ಟೆಯ ಮೇಲೆ ಒಟ್ಟಿಗೆ ಹಾಸಿ ನೋಡಿ. ಒತ್ತುವರಿಗೆ ಊರಿನ ಗಡಿಯೇ ಅನುಕೂಲದ ಜಾಗ. ಅಲ್ಲಿ 'ಅದು ಆ ಊರಿಂದು' ಅಂತ ಇಬ್ಬರೂ ಸುಮ್ಮನಿರುತ್ತಾರೆ.

ಕುರಿಗಾರರನ್ನು ಸಭೆಗೆ ಕರೆಯಲೇಬೇಕು. ಪ್ಯಾಂಟು-ಶರ್ಟಿನವರೇ ಕೂತು ಠರಾವು ಮಾಡುವ ಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ದಿನಾ ಅಲ್ಲಿ ತಿರುಗಾಡುವವರು ಕುರಿಗಾರರು. ಯಾವ ಗಡಿಕಲ್ಲು ಯಾವಾಗ ಸರಿಯಿತು ಅಂತ ಅವರಿಗೆ ಗೊತ್ತಿರುತ್ತದೆ. ಒಂದೂರಲ್ಲಿ ಬೇಲಿ ಹಾಕಿದರೆ ಕುರಿ ಪಕ್ಕದೂರಿಗೆ ಹೋಗುತ್ತವೆ, ಆಗ ನಿಮ್ಮ ನಿಮ್ಮಲ್ಲೇ ಜಗಳ.

ಮಾತು ನಡೆಯುತ್ತಾ ಅಂತ ಕೇಳಿದ್ದೀರಿ. ಸಂಘದ ಹೆಸರು, ರೊಕ್ಕದ ಲೆಕ್ಕ ಬೇರೆ ಬೇರೆಯೇ ಇರಲಿ. ತೆರವಿನ ಅರ್ಜಿ ಮಾತ್ರ ಒಂದೇ ಮಾಡಿ. ಆಯಾ ಪಂಚಾಯಿತಿಯ ಠರಾವು ಲಗತ್ತಿಸಿ ತಹಶೀಲ್ದಾರರಿಗೆ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.

– ಸಂಪಾದಕ